ಮೂರನೇ ಹುಡುಗ, ಕೊನೇ ಹುಡುಗ: ಕ್ವಾರ್ಟರ್‌ಬ್ಯಾಕ್ ತಯಾರಾಗುವುದು ಹೇಗೆ?

2022ರ ಡಿಸೆಂಬರ್ 4, ಭಾನುವಾರ. ಸನಿವೇಲ್‌ನಲ್ಲಿ ಗೆಳೆಯನ ಮನೆ. ಬಿಸಿಬೇಳೆಬಾತ್ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆವು. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೂ ಮಯಾಮಿ ಡಾಲ್ಫಿನ್ಸ್‌ಗೂ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಜಿಮ್ಮಿ ಗರಾಪಲೊ ಪಾದಕ್ಕೆ ಪೆಟ್ಟು ಮಾಡಿಕೊಂಡು ಹೊರಗೆ ಹೋದ. ಅವನಿಗಿಂತ ಮುಂಚೆ ಆ ಜಾಗದಲ್ಲಿದ್ದ ಟ್ರೇ ಲ್ಯಾನ್ಸ್ ಸೆಪ್ಟೆಂಬರಿನಲ್ಲೇ ಕಣಕಾಲು ಮುರಿದುಕೊಂಡು ಮನೆ ಸೇರಿದ್ದ. ಈಗ ಬೆಂಚಿನಿಂದ ಎದ್ದು ಬಂದವನು 13ನೇ ನಂಬರಿನ ಒಬ್ಬ ಸಾಧಾರಣ ಎತ್ತರದ ಹುಡುಗ.

"ಇವನ್ಯಾರೋ ಮಾರಾಯ?" ಅಂದ ಗೆಳೆಯ.

ಬ್ರಾಕ್ ಪರ್ಡಿ. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, ಕಟ್ಟಕಡೆಗೆ ಆಯ್ಕೆಯಾದವನು. 262ನೇ ಹೆಸರು. ಹಾಗೆ ಕೊನೆಗೆ ಆಯ್ಕೆಯಾದವನಿಗೆ ಅಮೆರಿಕದಲ್ಲಿ 1976ರಿಂದ 'ಮಿಸ್ಟರ್ ಇರ್ರೆಲೆವೆಂಟ್' ಅಂತ ಒಂದು ತಮಾಷೆಯ ಬಿರುದು ಕೊಡುತ್ತಾರೆ. ಲೆಕ್ಕಕ್ಕಿಲ್ಲದವನು ಅಂತ. ಒಂದು ಟ್ರೋಫಿಯೂ ಉಂಟು. ಅದರ ಮೇಲಿನ ಬೊಂಬೆ ಕೈಯಿಂದ ಚೆಂಡು ಜಾರಿಸುತ್ತಿರುತ್ತದೆ!

ಆ ಲೆಕ್ಕಕ್ಕಿಲ್ಲದವನು ಅವತ್ತು 33-17ರಲ್ಲಿ ಗೆಲ್ಲಿಸಿದ. ಮುಂದಿನ ವಾರ ಈ ಆಟದ ದಂತಕಥೆ ಟಾಮ್ ಬ್ರೇಡಿ ಇದ್ದ ಟ್ಯಾಂಪಾ ಬೇ ತಂಡವನ್ನು 35-7ರಲ್ಲಿ ಮಣ್ಣು ಮುಕ್ಕಿಸಿದ. ಅತ್ತ ಲ್ಯಾನ್ಸ್ 2021ರ ಡ್ರಾಫ್ಟ್‌ನ ಮೂರನೇ ಆಯ್ಕೆ. ಅವನಿಗಾಗಿ ತಂಡ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ, ಜೊತೆಗೊಂದು ಮೂರನೇ ಸುತ್ತಿನದನ್ನೂ ಮಯಾಮಿಗೆ ಕೊಟ್ಟಿತ್ತು. ಮನೆ ಮಾರಿ ಮದುವೆ ಮಾಡಿದ ಹಾಗೆ. ಆ ಮದುವೆ ನಿಲ್ಲಲಿಲ್ಲ. ಪುಕ್ಕಟೆ ಸಿಕ್ಕಂತಿದ್ದ ಹುಡುಗ ಮನೆ ನಡೆಸಿದ.

ಇದನ್ನು ಅದೃಷ್ಟ ಅಂದುಬಿಡಬಹುದು. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಕ್ವಾರ್ಟರ್‌ಬ್ಯಾಕ್ ಹೇಗೆ ಬೆಳೆಯುತ್ತಾನೆ, ಯಾಕೆ ಬೆಳೆಯದೆ ಹೋಗುತ್ತಾನೆ ಅನ್ನೋದು ಈ ಇಬ್ಬರ ಕಥೆಯಲ್ಲೇ ಇದೆ. ಇಲ್ಲಿ ಹೇಳುತ್ತಿರುವ ಫುಟ್‌ಬಾಲ್ ಕಾಲಲ್ಲಿ ಒದೆಯುವುದಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಆಟ. ನಿಯಮ ಪೂರ್ತಿ ಗೊತ್ತಿರಬೇಕಿಲ್ಲ. ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಎಸೆಯಬೇಕು, ಇಲ್ಲಾ ಓಡುವವನ ಕೈಗೆ ಕೊಡಬೇಕು, ಇಲ್ಲಾ ತಾನೇ ಓಡಬೇಕು. ಇಷ್ಟು ಸಾಕು.

ಅವನ ಕೆಲಸ ಎಷ್ಟು ಕಷ್ಟ ಅಂತ ತಿಳಿಯಲು ಒಂದೇ ಒಂದು ಎಸೆತವನ್ನು ಹತ್ತಿರದಿಂದ ನೋಡೋಣ.

ಒಂದು ಆಟ ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡ್ ಇರುತ್ತೆ. ಕೋಚ್ ರೇಡಿಯೋದಲ್ಲಿ ಅವನ ಹೆಲ್ಮೆಟ್ಟಿನೊಳಗೆ ಮಾತಾಡುತ್ತಾನೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ತಾನಾಗಿ ಬಂದ್. ಅಷ್ಟರೊಳಗೆ ಹುಡುಗ ಕೋಚ್ ಹೇಳಿದ್ದನ್ನು ಕೇಳಿಸಿಕೊಂಡು, ಉಳಿದ ಹತ್ತು ಜನರಿಗೆ ಒಪ್ಪಿಸಬೇಕು. ಅದೂ ಒಂದು ಪದವಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲೇ ಅಡ್ಡ ಓಡಬೇಕು, ಯಾರನ್ನು ತಡೆಯಬೇಕು, ಚೆಂಡು ಹಿಡಿಯುವ ರಿಸೀವರ್‌ಗಳು ಯಾವ ದಾರಿಯಲ್ಲಿ ಓಡಬೇಕು, ಎಷ್ಟನೇ ಕೂಗಿಗೆ ಶುರು, ಎಲ್ಲ ಸೇರಿದ ಗುಪ್ತಭಾಷೆಯ ಉದ್ದನೆಯ ಸಾಲು. ಎದುರುಮನೆ ಅಜ್ಜಿ ಒಂದೇ ಉಸಿರಿಗೆ ಬೀಗರ ವಂಶಾವಳಿ ಹೇಳಿದ ಹಾಗೆ. ಒಂದು ಪದ ತಪ್ಪಿದರೂ ಇಬ್ಬರು ಒಂದೇ ಕಡೆ ಓಡುತ್ತಾರೆ.

ಆಮೇಲೆ ಅವನು ಎದುರಾಳಿಗಳು ನಿಂತಿರುವ ರೀತಿ ನೋಡುತ್ತಾನೆ. ಹಿಂದೆ ಕಾಯುವವರು ಒಬ್ಬರಾ, ಇಬ್ಬರಾ? ಪಕ್ಕದವನು ಮುನ್ನುಗ್ಗುವ ಹವಣಿಕೆಯಲ್ಲಿದ್ದಾನಾ, ಸುಮ್ನೆ ಬೆದರಿಸ್ತಿದ್ದಾನಾ? ಅವರೂ ವೇಷ ಹಾಕುವವರೇ. ಚೆಂಡು ಕೈಗೆ ಬಂದ ಕ್ಷಣದಲ್ಲಿ ಆ ವೇಷ ಕಳಚುತ್ತಾರೆ. ಅಲ್ಲಿಂದ ಇವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್.

ಈಗ ನಮ್ಮ ಕೋಚ್ ಕೈಲ್ ಶಾನಹನ್‌ಗೆ ತುಂಬಾ ಇಷ್ಟವಾದ ಒಂದು ಆಟ. ಕ್ವಾರ್ಟರ್‌ಬ್ಯಾಕ್ ಓಡುವವನ ಹೊಟ್ಟೆಗೆ ಚೆಂಡು ಇಟ್ಟಂತೆ ಮಾಡಿ ಹಿಂತೆಗೆಯುತ್ತಾನೆ. ನಡುವೆ ಕಾವಲಿದ್ದ ಲೈನ್‌ಬ್ಯಾಕರ್ ನಂಬಿ ಎರಡು ಹೆಜ್ಜೆ ಮುಂದೆ ಬರುತ್ತಾನೆ. ಅವನ ಬೆನ್ನಹಿಂದೆ ಒಂದು ಖಾಲಿ ಜಾಗ ಹುಟ್ಟುತ್ತದೆ. ರಿಸೀವರ್ ನೇರ ಓಡುತ್ತಾ ಹೋಗಿ ಒಮ್ಮೆಲೇ ಒಳಕ್ಕೆ ತಿರುಗಿ ಅದೇ ಜಾಗಕ್ಕೆ ನುಗ್ಗಬೇಕು. ವಿಷಯ ಇರುವುದು ಇಲ್ಲೇ. ರಿಸೀವರ್ ತಿರುಗಿದ ಮೇಲೆ ಎಸೆದರೆ ತಡವಾಯಿತು, ಕಾವಲಿನವನು ಹಿಂದೆ ಸರಿದು ಜಾಗ ಮುಚ್ಚಿರುತ್ತಾನೆ. ತಿರುಗುವ ಮುಂಚೆಯೇ ಎಸೆಯಬೇಕು. ಅಂದರೆ ಯಾರೂ ಇಲ್ಲದ ಕಡೆಗೆ, ಯಾರೋ ಬರುತ್ತಾರೆಂಬ ನಂಬಿಕೆಯ ಮೇಲೆ. ಹಿಂದಕ್ಕಿಟ್ಟ ಹೆಜ್ಜೆಗಳೇ ಇಲ್ಲಿ ಗಡಿಯಾರ. ಹಿಂಗಾಲು ನೆಲಕ್ಕೆ ತಾಗಿದಾಗ ಚೆಂಡು ಹೊರಡಬೇಕು. ಮೊದಲನೆಯವನಿಗೆ ದಾರಿ ಮುಚ್ಚಿದ್ದರೆ ಒಂದು ಪುಟ್ಟ ಹೆಜ್ಜೆ, ಕಣ್ಣು ಎರಡನೆಯವನ ಕಡೆ. ಅದೂ ಇಲ್ಲದಿದ್ದರೆ ಪಕ್ಕದಲ್ಲೇ ಇರುವ ಮೂರನೆಯವನು. ಇಷ್ಟರಲ್ಲಿ ನೂರಮೂವತ್ತು ಕಿಲೋ ತೂಗುವ ನಾಲ್ವರು ಇವನನ್ನು ಕೆಡವಲು ಬರುತ್ತಿರುತ್ತಾರೆ. ಅವರ ಕಡೆ ನೋಡಿದರೆ ಕೆಟ್ಟ.

ಟಿವಿಯಲ್ಲಿ ನಮಗೆ ಕಾಣುವುದು ತೋಳಿನ ಬಲ. ಎಷ್ಟು ದೂರ ಎಸೆದ, ಎಷ್ಟು ಜೋರಾಗಿ ಎಸೆದ. ಅದು ಹುಟ್ಟಿನಿಂದ ಬರುವಂಥದ್ದು. ಮೇಲೆ ಹೇಳಿದ್ದು ಯಾವುದೂ ಹುಟ್ಟಿನಿಂದ ಬರುವುದಿಲ್ಲ. ಒಂದೇ ಚಿತ್ರವನ್ನು ಸಾವಿರ ಸಲ ನೋಡಿದ ಮೇಲೆ ಬರುತ್ತದೆ.

ಹಾಗಾದರೆ ಆ ಸಾವಿರ ಸಲ ಎಲ್ಲಿ ಸಿಗುತ್ತದೆ? ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಮೊದಲಿಗೆ ತಲೆಗೇ ಹೋಗುವುದಿಲ್ಲ. ನಮ್ಮ ಹುಡುಗ ಭಾರತ ತಂಡಕ್ಕೆ ಸಿದ್ಧನಿಲ್ಲ ಅಂದರೆ ವಾಪಸ್ ಬಂದು ಚಿನ್ನಸ್ವಾಮಿಯಲ್ಲಿ ಕರ್ನಾಟಕದ ಪರ ರಣಜಿ ಆಡುತ್ತಾನೆ. ಸೊನ್ನೆಗೆ ಔಟಾದರೂ ಎರಡನೇ ಇನಿಂಗ್ಸ್ ಇದೆ, ಮುಂದಿನ ಪಂದ್ಯವಿದೆ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ ಆಟದ ವೃತ್ತಿಪರ ಲೀಗಿನಲ್ಲಿ, ರಣಜಿ ಇಲ್ಲ. ಕಾಲೇಜು ಮುಗೀತಾ, ನೇರ ದೊಡ್ಡ ಮೈದಾನ. ಸೀಸನ್‌ಗೆ 17 ಪಂದ್ಯ. ಅದಕ್ಕೂ ಮುಂಚೆ ಮೂರು ಅಭ್ಯಾಸ ಪಂದ್ಯ. ವಾರದ ಅಭ್ಯಾಸದಲ್ಲೂ ಹೆಚ್ಚಿನ ಪಾಲು ಭಾನುವಾರ ಆಡುವವನಿಗೇ, ಎರಡನೆಯವನಿಗೆ ಚೂರುಪಾರು. ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಮೈಗೆ ಪೂರ್ತಿ ಪ್ಯಾಡ್ ಕಟ್ಟಿ ಮಾಡುವ ಅಭ್ಯಾಸ ಇಡೀ ಸೀಸನ್‌ಗೆ 14 ಸಲ ಮಾತ್ರ. ಆಟಗಾರರ ಮೈಕೈ ದೃಷ್ಟಿಯಿಂದ ಅದು ಸರಿಯೇ. ಆದರೆ ಕಲಿಯುವವನ ಹೊಟ್ಟೆಗೆ ಹೊಡೆತ.

ಹೀಗಾಗಿ ತಂಡಗಳಿಗೆ ಎರಡೇ ದಾರಿ. ಕೂರಿಸಿ ಕಲಿಸುವುದು, ಇಲ್ಲವೇ ತಳ್ಳಿ ಕಲಿಸುವುದು. ಎರಡೂ ಫಲ ಕೊಟ್ಟಿವೆ. ಪೇಟನ್ ಮ್ಯಾನಿಂಗ್‌ನನ್ನು 1998ರಲ್ಲಿ ಇಂಡಿಯಾನಾಪೊಲಿಸ್ ತಂಡ ಮೊದಲ ದಿನವೇ ಕಣಕ್ಕೆ ಇಳಿಸಿತು. ಅವನು ಆ ವರ್ಷ 28 ಸಲ ಚೆಂಡನ್ನು ಎದುರಾಳಿಗಳ ಕೈಗೆ ಎಸೆದ. ತಂಡ ಮೂರೇ ಪಂದ್ಯ ಗೆದ್ದಿತು. ಮರುವರ್ಷ 13 ಗೆದ್ದಿತು. ನಮ್ಮಲ್ಲೇ ಸ್ಟೀವ್ ಯಂಗ್ 1987ರಲ್ಲಿ ಬಂದು ಜೋ ಮಾಂಟಾನಾ ನೆರಳಲ್ಲಿ ವರ್ಷಗಟ್ಟಲೆ ಕೂತ. ಆಮೇಲೆ 1995ರ ಜನವರಿಯಲ್ಲಿ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಗಳಿಸುವ ಅಂಕ) ಎಸೆದ. ಅದೇ ನಮ್ಮ ಕೊನೆಯ ಕಪ್ಪು. ಅಂದಿನಿಂದ ಕಾಯುತ್ತಲೇ ಇದ್ದೇವೆ, ಇರಲಿ ಬಿಡಿ.

ಕೂರಿಸಿದರೂ ತಳ್ಳಿದರೂ ಕೆಡುವುದೂ ಉಂಟು. 2005ರಲ್ಲಿ ನಮ್ಮವರು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಅಲೆಕ್ಸ್ ಸ್ಮಿತ್‌ನನ್ನು ತಂದರು. ಸೋತು ಸುಣ್ಣವಾಗಿದ್ದ ತಂಡ. ಮೊದಲ ವರ್ಷ ಅವನದು 1 ಟಚ್‌ಡೌನ್, 11 ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಗೆ ಹೋದ ಎಸೆತ. ಅದಾದ ಮೇಲೆ ಹೆಚ್ಚೂಕಡಿಮೆ ವರ್ಷಕ್ಕೊಬ್ಬ ಹೊಸ ಅಫೆನ್ಸ್ (ದಾಳಿ ವಿಭಾಗದ) ಕೋಚ್. ಒಬ್ಬ ಮೇಷ್ಟ್ರು 'ಅ ಆ' ಕಲಿಸಿ ಹೋದ, ಇನ್ನೊಬ್ಬ ಬಂದು ಲಿಪಿಯೇ ಬೇರೆ ಅಂದ. ಅದೇ ಡ್ರಾಫ್ಟ್‌ನಲ್ಲಿ ನಮ್ಮ ಸೀಮೆಯಲ್ಲೇ ಬೆಳೆದ, ನಮ್ಮ ತಂಡದ ಅಭಿಮಾನಿಯಾಗಿದ್ದ ಏರನ್ ರಾಜರ್ಸ್ 24ನೇ ಆಯ್ಕೆಗೆ ಜಾರಿ ಗ್ರೀನ್ ಬೇ ಸೇರಿದ. ಮೂರು ವರ್ಷ ಬ್ರೆಟ್ ಫಾವ್‌ನ ಹಿಂದೆ ಕೂತು ಕಲಿತ. ಮುಂದೆ ದೊಡ್ಡ ಹೆಸರು ಮಾಡಿದ. ಸ್ಮಿತ್ ದಡ್ಡನೇನಲ್ಲ. 2011ರಲ್ಲಿ ಜಿಮ್ ಹಾರ್ಬಾ ಕೋಚಾಗಿ ಬಂದ ಮೇಲೆ ಅದೇ ಸ್ಮಿತ್ ತಂಡವನ್ನು 13 ಗೆಲುವಿಗೆ ಒಯ್ದ. ಅಷ್ಟರಲ್ಲಿ ಆರು ವರ್ಷ ಹೋಗಿತ್ತು, ಹೆಸರೂ ಕೆಟ್ಟಿತ್ತು.

ನಮ್ಮೂರಿನಲ್ಲಿ ಈಜು ಕಲಿಸುತ್ತಿದ್ದುದು ನೆನಪಿದೆಯಾ? ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬುರುಡೆ ತೇಲಿಸುತ್ತದೆ, ಹುಡುಗ ಕೈಕಾಲು ಬಡಿಯುತ್ತಾನೆ. ಒಂದು ದಿನ ಬುರುಡೆ ಬಿಚ್ಚುತ್ತಾರೆ. ಒಳ್ಳೆಯ ಕೋಚು, ಮುಂದೆ ನಿಂತು ಕಾಯುವ ಗಟ್ಟಿ ಲೈನು, ಹೇಗೆ ಎಸೆದರೂ ಹಿಡಿಯುವ ರಿಸೀವರ್‌ಗಳು, ಇವೇ ಕ್ವಾರ್ಟರ್‌ಬ್ಯಾಕ್‌ನ ಸೋರೆಬುರುಡೆ. ಶಾನಹನ್ ತಂಡದಲ್ಲಿ ಬುರುಡೆ ಭರ್ಜರಿಯಾಗಿತ್ತು. ಹಾಗಿದ್ದೂ ಲ್ಯಾನ್ಸ್ ಯಾಕೆ ಮುಳುಗಿದ?

ನನ್ನ ಉತ್ತರ ಕೆಲವು ಗೆಳೆಯರಿಗೆ ಹಿಡಿಸುವುದಿಲ್ಲ. ಅವನು ನೀರಿಗೇ ಇಳಿಯಲಿಲ್ಲ.

ಲೆಕ್ಕ ನೋಡಿ. ಲ್ಯಾನ್ಸ್ ಓದಿದ್ದು ನಾರ್ತ್ ಡಕೋಟಾ ಸ್ಟೇಟ್, ಆಗ ಕಾಲೇಜು ಫುಟ್‌ಬಾಲ್‌ನ ಎರಡನೇ ಸಾಲಿನ ತಂಡ. 2019ರಲ್ಲಿ 28 ಟಚ್‌ಡೌನ್ ಎಸೆದ, ಇಂಟರ್‌ಸೆಪ್ಷನ್ ಒಂದೂ ಇಲ್ಲ. 2020ರಲ್ಲಿ ಕೋವಿಡ್. ಒಂದೇ ಪಂದ್ಯ. ಇಡೀ ಕಾಲೇಜು ಜೀವನದಲ್ಲಿ ಅವನು ಎಸೆದದ್ದು 318 ಸಲ. ನಮ್ಮಲ್ಲಿಗೆ ಬಂದ ಮೊದಲ ವರ್ಷ ಗರಾಪಲೊ ಹಿಂದೆ ಕೂತ. ಅಭ್ಯಾಸ ಪಂದ್ಯದಲ್ಲಿ ಬಲಗೈ ತೋರುಬೆರಳಿಗೆ ಬೇರೆ ಪೆಟ್ಟು. ಎರಡು ಪಂದ್ಯದಲ್ಲಿ ಮಾತ್ರ ಆರಂಭಿಕ. ಎರಡನೇ ವರ್ಷ ಪೂರ್ತಿ ಅವನದೇ ಅಂದರು. ಮೊದಲ ಪಂದ್ಯ ಶಿಕಾಗೋದ ಮಳೆಯಲ್ಲಿ, ಮೈದಾನದಲ್ಲಿ ನೀರು ನಿಂತಿತ್ತು. ಎರಡನೆಯದು ಸಿಯಾಟಲ್ ವಿರುದ್ಧ, ಸ್ಯಾಂಟಾ ಕ್ಲಾರಾದಲ್ಲಿ. ಮೊದಲ ಕ್ವಾರ್ಟರಿನಲ್ಲೇ, ಚೆಂಡು ಹಿಡಿದು ನಡುವೆ ನುಗ್ಗಿದಾಗ ಕಣಕಾಲು ಮುರಿಯಿತು. ಅಷ್ಟೇ. ಫಾರ್ಟಿನೈನರ್ಸ್‌ಗಾಗಿ ಅವನು ಒಟ್ಟು ಎಸೆದದ್ದು 102 ಸಲ. 2023ರ ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಕೊಟ್ಟುಬಿಟ್ಟರು.

ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದವನು. 40ಕ್ಕೂ ಹೆಚ್ಚು ಪಂದ್ಯ, ಅದೂ ಮೊದಲ ಸಾಲಿನ ತಂಡಗಳ ಎದುರು. ತೋಳು ಸಾಧಾರಣ, ಎತ್ತರ ಸಾಧಾರಣ. ಆದರೆ ಆ 'ಸಾವಿರ ಸಲ' ಅವನ ಕಣ್ಣಲ್ಲಿ ಕೂತಿತ್ತು. ಪೆಟ್ಟು ತಿಂದಿದ್ದ, ಸೋತಿದ್ದ, ಇಂಟರ್‌ಸೆಪ್ಷನ್ ಕೊಟ್ಟು ಮುಖ ಮುಚ್ಚಿಕೊಂಡಿದ್ದ. ರಿಸೀವರ್ ತಿರುಗುವ ಮುಂಚೆ ಎಸೆಯುವ ಧೈರ್ಯ ಅವನಿಗೆ ಮೊದಲ ದಿನದಿಂದಲೇ ಇತ್ತು. ಡ್ರಾಫ್ಟ್‌ನವರು ಅಳೆದದ್ದು ಮೈಯನ್ನು. ಬೇಕಿದ್ದದ್ದು ರೂಢಿ.

ನನ್ನ ಪ್ರಕಾರ ತಂಡದ ತಪ್ಪು ಲ್ಯಾನ್ಸ್‌ನನ್ನು ಮೆಚ್ಚಿದ್ದಲ್ಲ. ಎರಡು ವರ್ಷ ಸೋತರೂ ಪರವಾಗಿಲ್ಲ ಅನ್ನುವ ತಂಡಕ್ಕೆ ಸರಿಹೊಂದುವ ಹಸಿ ಹುಡುಗನನ್ನು, ಈ ವರ್ಷವೇ ಕಪ್ಪು ಬೇಕು ಅನ್ನುವ ತಂಡಕ್ಕೆ ತಂದದ್ದು. ಮ್ಯಾನಿಂಗ್ 28 ಸಲ ತಪ್ಪು ಮಾಡಿದ್ದು ಮೂರು ಗೆಲುವಿನ ತಂಡದಲ್ಲಿ. ಆ ಸವಲತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅನುಭವಿ ಗರಾಪಲೊ ಪಕ್ಕದಲ್ಲೇ ಕೂತಿದ್ದಾಗ ಲ್ಯಾನ್ಸ್‌ನ ಪ್ರತಿ ತಪ್ಪೂ ದುಬಾರಿ.

ಈಗ ಇನ್ನೊಂದು ಜಗಳ. ನಮ್ಮ ಗುಂಪಿನಲ್ಲಿ ಇದು ಮುಗಿಯುವುದೇ ಇಲ್ಲ. ಪರ್ಡಿ ನಿಜಕ್ಕೂ ಒಳ್ಳೆಯವನಾ, ಇಲ್ಲ ಬುರುಡೆ ಒಳ್ಳೆಯದಾ?

2023ರಲ್ಲಿ ಅವನು 4,280 ಯಾರ್ಡ್ ಎಸೆದ. ಜೆಫ್ ಗಾರ್ಸಿಯಾ 2000ರಲ್ಲಿ ಮಾಡಿದ್ದ ತಂಡದ ದಾಖಲೆಗಿಂತ ಎರಡೇ ಯಾರ್ಡ್ ಜಾಸ್ತಿ. 31 ಟಚ್‌ಡೌನ್, 11 ಇಂಟರ್‌ಸೆಪ್ಷನ್. ಆದರೆ ಈ ಯಾರ್ಡ್ ಅನ್ನುವ ಲೆಕ್ಕದಲ್ಲಿ ಒಂದು ಮರ್ಮ ಇದೆ. ಐದು ಯಾರ್ಡ್ ಎಸೆದ ಚೆಂಡನ್ನು ಹಿಡಿದು ರಿಸೀವರ್ ಡೀಬೊ ಸ್ಯಾಮ್ಯುಯೆಲ್ ಮೂರು ಜನರನ್ನು ಕೊಡವಿಕೊಂಡು ಮೂವತ್ತು ಯಾರ್ಡ್ ಓಡಿದರೆ, ಪುಸ್ತಕದಲ್ಲಿ ಕ್ವಾರ್ಟರ್‌ಬ್ಯಾಕ್ ಹೆಸರಿಗೂ ಮೂವತ್ತೈದು. ಅದೇ ಸೀಸನ್‌ನ ಅಕ್ಟೋಬರ್‌ನಲ್ಲಿ ಸ್ಯಾಮ್ಯುಯೆಲ್ ಮತ್ತು ಎಡಗಡೆ ಕಾಯುವ ಟ್ರೆಂಟ್ ವಿಲಿಯಮ್ಸ್ ಗಾಯಗೊಂಡರು. ಸಾಲಾಗಿ ಮೂರು ಸೋಲು. 2024ರಲ್ಲಿ ಚೆಂಡು ಹಿಡಿದು ಓಡುವ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ನಾಲ್ಕೇ ಪಂದ್ಯ ಆಡಿದ, ರಿಸೀವರ್ ಬ್ರ್ಯಾಂಡನ್ ಅಯೂಕ್ ಮೊಣಕಾಲು ಹೋಯಿತು, ವಿಲಿಯಮ್ಸ್ ಹತ್ತು ಪಂದ್ಯಕ್ಕೆ ನಿಂತ. ತಂಡ 6 ಗೆದ್ದು 11 ಸೋತಿತು. ಪರ್ಡಿಯ ಟಚ್‌ಡೌನ್ 20ಕ್ಕೆ ಇಳಿಯಿತು, ಇಂಟರ್‌ಸೆಪ್ಷನ್ 12. ಹುಡುಗ ಆಟ ಮರೆತನಾ? ಇಲ್ಲ. ಬುರುಡೆ ಒಡೆದಿತ್ತು.

ಆದರೂ ಎಲ್ಲ ಬುರುಡೆಯದೇ ಅನ್ನುವವರಿಗೆ 2024ರ ಫೆಬ್ರವರಿ 11ರ ಒಂದು ಆಟ ನೆನಪಿಸುತ್ತೇನೆ. ಲಾಸ್ ವೇಗಸ್, ಕ್ಯಾನ್ಸಸ್ ಸಿಟಿ ಎದುರು ಸೂಪರ್ ಬೌಲ್, ಹೆಚ್ಚುವರಿ ಸಮಯ. ಪರ್ಡಿ ಚೆಂಡನ್ನು ಎದುರಾಳಿಯ 9 ಯಾರ್ಡ್ ಗೆರೆವರೆಗೆ ತಂದಿದ್ದ. ಮೂರನೇ ಪ್ರಯತ್ನ, ಬೇಕಿದ್ದದ್ದು ನಾಲ್ಕು ಯಾರ್ಡ್. ಚೆಂಡು ಕೈಗೆ ಬರುತ್ತಿದ್ದಂತೆ ಲೈನಿನಲ್ಲಿ ಯಾರು ಯಾರನ್ನು ತಡೆಯಬೇಕು ಅನ್ನೋದು ಎಡವಟ್ಟಾಯಿತು. ಕ್ರಿಸ್ ಜೋನ್ಸ್‌ನಂಥ ದೈತ್ಯನನ್ನು ಯಾರೂ ಮುಟ್ಟಲೇ ಇಲ್ಲ. ಬಾಗಿಲು ತೆಗೆದಿಟ್ಟ ಮನೆಗೆ ಬಂದ ಹಾಗೆ ಬಂದ. ಪರ್ಡಿ ಹಿಂದೆ ಒರಗುತ್ತಾ ರಿಸೀವರ್ ಜೌವನ್ ಜೆನ್ನಿಂಗ್ಸ್ ಕಡೆಗೆ ಎಸೆದ, ತಲುಪಲಿಲ್ಲ. ಮೂರು ಅಂಕಕ್ಕೆ ತೃಪ್ತಿಪಟ್ಟೆವು. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಬಂದು ಟಚ್‌ಡೌನ್ ಹೊಡೆದು 25-22ರಲ್ಲಿ ಕಪ್ಪು ಎತ್ತಿಕೊಂಡು ಹೋದ. ಮರುದಿನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಪರ್ಡಿ ಸೋತ. ತಡೆಯಬೇಕಾದವನು ತಡೆಯದ್ದು ಯಾರ ಅಂಕಪಟ್ಟಿಗೂ ಬರಲಿಲ್ಲ. ಗೆದ್ದಾಗ ಬುರುಡೆ, ಸೋತಾಗ ಪರ್ಡಿ. ಇದು ಯಾವ ಸೀಮೆ ನ್ಯಾಯ?

ಇದರ ಮೇಲೆ ದುಡ್ಡಿನ ಗಡಿಯಾರವೂ ಓಡುತ್ತಿರುತ್ತದೆ. ಪ್ರತಿ ತಂಡ ವರ್ಷಕ್ಕೆ ಇಂತಿಷ್ಟೇ ಸಂಬಳ ಕೊಡಬೇಕು ಅಂತ ಲೀಗ್ ಮಿತಿ ಹಾಕುತ್ತದೆ. 2023ರಲ್ಲಿ ಅದು 22.48 ಕೋಟಿ ಡಾಲರ್. ಆ ವರ್ಷ ಪರ್ಡಿಯ ಮೂಲ ಸಂಬಳ 8.7 ಲಕ್ಷ ಡಾಲರ್. ಮಿತಿಯ ಅರ್ಧ ಪರ್ಸೆಂಟೂ ಅಲ್ಲ. ಉಳಿದ ದುಡ್ಡಲ್ಲಿ ಎಲ್ಲ ಕಡೆ ಸ್ಟಾರ್‌ಗಳನ್ನು ಇಟ್ಟುಕೊಂಡಿದ್ದೆವು. ಅಂದರೆ ಅಷ್ಟು ದೊಡ್ಡ ಬುರುಡೆ ಕೊಳ್ಳಲು ಆಗಿದ್ದೇ ಅವನು ಅಗ್ಗಕ್ಕೆ ಸಿಕ್ಕಿದ್ದರಿಂದ. 2025ರ ಮೇ ತಿಂಗಳಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ನ ಒಪ್ಪಂದ ಆಯಿತು. ಅದಕ್ಕೆ ಮುಂಚೆಯೇ ಸ್ಯಾಮ್ಯುಯೆಲ್ ವಾಷಿಂಗ್ಟನ್ನಿಗೆ ಹೋಗಿದ್ದ, ಡಿಫೆನ್ಸ್‌ನ ಹಲವರು ಚದುರಿದ್ದರು. ಹುಡುಗ ಬೆಳೆದಂತೆಲ್ಲ ಬುರುಡೆ ಚಿಕ್ಕದಾಗುತ್ತದೆ. ಸುಮ್ಮನೆ ನೋಡಿದರೆ ಕ್ರೂರ ಅನ್ನಿಸುತ್ತೆ, ಆದರೆ ಎಲ್ಲ 32 ತಂಡಗಳಿಗೂ ಇದೇ ಲೆಕ್ಕ. ಹಾಗಾಗಿಯೇ ಎಲ್ಲರಿಗೂ ಅವಸರ. ಹೊಸ ಹುಡುಗನ ಸಂಬಳ ಅಗ್ಗವಿರುವ ನಾಲ್ಕೈದು ವರ್ಷದೊಳಗೆ ಗೆಲ್ಲಬೇಕು, ಕಲಿಸಲು ಪುರುಸೊತ್ತಿಲ್ಲ. 2021ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಐದು ಕ್ವಾರ್ಟರ್‌ಬ್ಯಾಕ್‌ಗಳಿದ್ದರು. 2024ರ ಸೀಸನ್ ಶುರುವಾಗುವ ಹೊತ್ತಿಗೆ ಟ್ರೆವರ್ ಲಾರೆನ್ಸ್ ಒಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನೂ ಅವರವರ ತಂಡಗಳು ಕಳಿಸಿಬಿಟ್ಟಿದ್ದವು.

ಆ ನಾಲ್ವರಲ್ಲಿ ಒಬ್ಬ ಮ್ಯಾಕ್ ಜೋನ್ಸ್. ನ್ಯೂ ಇಂಗ್ಲೆಂಡ್ ಕೈಬಿಟ್ಟಿತ್ತು. 2025ರಲ್ಲಿ ನಮ್ಮಲ್ಲಿಗೆ ಎರಡನೆಯವನಾಗಿ ಬಂದ. ಪರ್ಡಿ ಕಾಲ್ಬೆರಳ ಗಾಯದಿಂದ ಹೊರಗಿದ್ದಾಗ ಎಂಟು ಪಂದ್ಯ ಆರಂಭಿಸಿ ಐದು ಗೆದ್ದ. ತಂಡ 12 ಗೆದ್ದು 5 ಸೋತಿತು. ಕೈಬಿಟ್ಟ ಹುಡುಗ ಹಾಳಾದವನಲ್ಲ, ಜಾಗ ತಪ್ಪಿದವನು ಅಂತ ನಾನು ವಾದ ಮಾಡುವಾಗ ಮೊದಲು ಹೇಳುವುದು ಇವನ ಹೆಸರನ್ನೇ.

ಇನ್ನೊಂದು ಹೆಸರಿದೆ, ಅದನ್ನು ಹೇಳಲು ನನಗೆ ಸ್ವಲ್ಪ ಹೊಟ್ಟೆಯುರಿ. ಸ್ಯಾಮ್ ಡಾರ್ನಲ್ಡ್. 2018ರ ಮೂರನೇ ಆಯ್ಕೆ, ನ್ಯೂಯಾರ್ಕ್ ಜೆಟ್ಸ್‌ಗೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಎದುರು 33-0ರಲ್ಲಿ ಸೋತ ಪಂದ್ಯದ ನಡುವೆ, ಬೆಂಚಿನಲ್ಲಿ ಕೂತು ನನಗೆ ದೆವ್ವ ಕಾಣಿಸ್ತಿದೆ ಅಂದಿದ್ದ. ಮೈಕ್ ಚಾಲೂ ಇತ್ತು, ದೇಶವೆಲ್ಲ ಕೇಳಿಸಿಕೊಂಡಿತು. ಇಲ್ಲದವರು ಮೈಮೇಲೆ ಬಂದಂತೆ ಕಾಣುವುದು, ಪೆಟ್ಟು ತಿಂದು ತಿಂದು ಕಣ್ಣು ಮೈದಾನದಿಂದ ಕೆಳಗಿಳಿಯುವುದು, ತಪ್ಪಾಗಿ ಬೆಳೆಸಿದ ಕ್ವಾರ್ಟರ್‌ಬ್ಯಾಕ್‌ಗೆ ಬರುವ ರೋಗ ಅದು. ಅವನು ಜೆಟ್ಸ್ ಬಿಟ್ಟ, ಕ್ಯಾರೊಲೈನಾದಲ್ಲಿ ಎರಡು ವರ್ಷ ಕಳೆದ. 2023ರಲ್ಲಿ ನಮ್ಮಲ್ಲಿಗೆ ಬಂದು ಪರ್ಡಿ ಹಿಂದೆ ಸದ್ದಿಲ್ಲದೆ ಕೂತ. ಮುಂದಿನ ವರ್ಷ ಮಿನೆಸೋಟಾಗೆ ಹೋಗಿ 14 ಪಂದ್ಯ ಗೆದ್ದ. 2025ರಲ್ಲಿ ನಮ್ಮ ಹಳೇ ವೈರಿ ಸಿಯಾಟಲ್ ಸೇರಿದ.

2026ರ ಫೆಬ್ರವರಿಯ ಸೂಪರ್ ಬೌಲ್ ನಡೆದದ್ದು ನಮ್ಮದೇ ಸ್ಯಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ನಮ್ಮ ತಂಡವನ್ನು ಸಿಯಾಟಲ್ ಜನವರಿಯಲ್ಲೇ ಮನೆಗೆ ಕಳಿಸಿತ್ತು. ಫೈನಲ್‌ನಲ್ಲಿ ಅವರ ಎದುರು ಇದ್ದದ್ದು ಅದೇ ನ್ಯೂ ಇಂಗ್ಲೆಂಡ್. ಅದೇ ಗೆಳೆಯನ ಮನೆ, ಈ ಸಲ ಚಿತ್ರಾನ್ನ. ಡಾರ್ನಲ್ಡ್ ಕಪ್ಪು ಎತ್ತಿದಾಗ ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆಳೆಯ ಮಾತ್ರ ರಿಮೋಟ್ ಕೈಯಲ್ಲಿ ಹಿಡಿದು, ಟಿವಿ ಆಫ್ ಮಾಡದೆ, "ಇವನು ನಮ್ಮ ಬೆಂಚಿನಲ್ಲೇ ಕೂತಿದ್ದನಲ್ಲೋ" ಅಂದ.